ಯೆಜ್ಡಿಯೂ ಹಿತವಚನಗಳೂ

ಕಳೆದ ವಾರ 1994ನೆಯ ಸಾಲಿನ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. "ಸಾರ್, ನಿಮ್ಮ ಯೆಜ್ಡಿ ಇನ್ನೂ ಇದೆಯೇ?" ಎಂಬುದು ಅವನ ಮೊದಲ ಪ್ರಶ್ನೆ. ನನ್ನ ಕ್ಷೇಮಸಮಾಚಾರ ಕೇಳಿದ್ದು ಆಮೇಲೆ. ಅವನ ತಪ್ಪೇನೂ ಇಲ್ಲ. ಶಾಲೆಯ ಹತ್ತಿರದ ಮೋರಿಯ ಬಳಿ ಆ ಗಾಡಿಯ ಸದ್ದು ಕೇಳಿಸಿದ ಕೂಡಲೇ ಮಕ್ಕಳೆಲ್ಲ ಬೆಂಚಿಗೆ ಓಡಿ ಪುಸ್ತಕ ತೆರೆಯುತ್ತಿದ್ದರಂತೆ. ಗಾಡಿ ಇದೆಯಪ್ಪಾ ಎಂದೆ. "ಆಗುಂಬೆಯಲ್ಲಿ ಏನೋ ಆಯಿತಂತೆ, ಅಮ್ಮನವರೂ ಜೊತೆಗಿದ್ದರಂತೆ" ಎಂದ. ಸುದ್ದಿ ನನಗಿಂತ ವೇಗವಾಗಿ ಊರು ಸುತ್ತಿದೆ. ಕೈಕಾಲು ಬೆಳೆಸಿಕೊಂಡು ಅದು ಇನ್ನೂ ದೂರ ಹೋಗುವ ಮೊದಲು, ನಡೆದದ್ದನ್ನು ನಾನೇ ಬರೆದುಬಿಡುವುದು ಲೇಸು.

ಗಾಡಿಯ ವಿಷಯ ತಿಳಿಯದ ಕಿರಿಯರಿಗಾಗಿ ನಾಲ್ಕು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಕಂಪನಿಯ ಪರವಾನಗಿ ಪಡೆದು 1961ರಿಂದ ಜಾವಾ ಬೈಕುಗಳನ್ನು ತಯಾರಿಸಿತು. ಜಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲ ಭಾಗವನ್ನೂ ವಾಂಡರರ್ ಎಂಬ ಕಂಪನಿಯ ಹೆಸರಿನ ಮೊದಲ ಭಾಗವನ್ನೂ ಕೂಡಿಸಿದ ಸಂಧಿಪದ ಈ 'ಜಾವಾ'. ವ್ಯಾಕರಣದ ಮೇಷ್ಟ್ರುಗಳು ಇದಕ್ಕೆ ಯಾವ ಸಂಧಿ ಎನ್ನುವರೋ ಕಾಣೆ. 1970ರ ದಶಕದಲ್ಲಿ ಮೈಸೂರಿನ ಬೈಕುಗಳು ಯೆಜ್ಡಿ ಎಂಬ ಹೆಸರಿನಿಂದ ಬರತೊಡಗಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನನ್ನದು 1980ರ 250 ಸಿ.ಸಿ. ಮಾಡಲ್ ಬಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, 1988ರಲ್ಲಿ, ನಿವೃತ್ತ ಅಮಲ್ದಾರರೊಬ್ಬರಿಂದ ಕೊಂಡದ್ದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಕೀಲಿಕೈ ಎಂದರೆ ಒಂದು ಮೊಳೆಯಂಥ ವಸ್ತು.

ಗಾಡಿ ಒಪ್ಪಿಸುವಾಗ ಅಮಲ್ದಾರರು ಒಂದು ಮಾತು ಹೇಳಿದ್ದರು: "ಮೇಷ್ಟ್ರೇ, ಇದು ಟೂ ಸ್ಟ್ರೋಕು. ನಿಮ್ಮ ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರಲಿ." ಏಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆರಳಿಗೆ ಮಾತ್ರ ಅದು ಅಭ್ಯಾಸವಾಯಿತು.

2021ರಲ್ಲಿ ನಿವೃತ್ತನಾದ ಮೇಲೆ ಶಿವಮೊಗ್ಗದ ನಾವು ಆರು ಮಂದಿ ಬೈಕಿನಲ್ಲಿ ಊರೂರು ನೋಡುವ ಹವ್ಯಾಸ ಹಚ್ಚಿಕೊಂಡೆವು. ಮೂವರದು ಬುಲೆಟ್, ಇಬ್ಬರದು ಹೊಸ ಕಾಲದ ಗಾಡಿಗಳು, ನನ್ನದೊಂದೇ ಟೂ ಸ್ಟ್ರೋಕ್. ಭಾನುವಾರ ಬೆಳಿಗ್ಗೆ ಕಾಫಿಗೆ ಸೇರಿದರೆ ನನ್ನ ಯೆಜ್ಡಿಗೆ ಚಿಕಿತ್ಸೆ ಹೇಳದವರೇ ಇಲ್ಲ. ಮನೆಯಲ್ಲಿ ಯಾರಿಗಾದರೂ ಮಂಡಿನೋವು ಬಂದರೆ ನೆಂಟರೆಲ್ಲ ವೈದ್ಯರಾಗುವುದಿಲ್ಲವೇ, ಹಾಗೆ.

ಮೊದಲನೆಯವರು ನನ್ನ ಹಳೆಯ ಸಹೋದ್ಯೋಗಿ. ಅವರು ಹೇಳಿದ್ದು ಪೆಟ್ರೋಲಿನ ವಿಷಯ: "ಲೀಟರಿಗೆ ಇಪ್ಪತ್ತೈದು ಕಿಲೋಮೀಟರು ಯಾವ ಲೆಕ್ಕ? ಕಾರ್ಬ್ಯುರೇಟರಿಗೆ ಒಂದು ನಂಬರು ಸಣ್ಣ ಜೆಟ್ ಹಾಕಿಸಿ." ಹಾಕಿಸಿದೆ. ಮೂವತ್ತೆರಡು ಕೊಡತೊಡಗಿತು. ಪಿಂಚಣಿದಾರನಿಗೆ ಇದಕ್ಕಿಂತ ಸಂತೋಷವುಂಟೆ? ಎರಡನೆಯವರು ಬಹಳ ವರ್ಷ ಸ್ಕೂಟರ್ ಓಡಿಸಿದವರು. ನನ್ನ ಹಿಂದೆ ಬಂದು ಹೊಗೆ ಕುಡಿದು ಸೋತಿದ್ದರು. "ಈಗಿನ ಆಯಿಲ್ ಉತ್ತಮ ದರ್ಜೆಯದು, ಲೀಟರಿಗೆ ನಲವತ್ತು ಮಿಲಿಲೀಟರ್ ಯಾಕೆ ಸುರಿಯುತ್ತೀರಿ, ಇಪ್ಪತ್ತು ಸಾಕು" ಎಂದರು. ಇಳಿಸಿದೆ. ಹೊಗೆ ಕಡಿಮೆಯಾಯಿತು, ನೆರೆಯವರೂ ಮೆಚ್ಚಿದರು. ಮೂರನೆಯವರು ಬುಲೆಟ್ಟಿನ ಗೆಳೆಯರು, ಬ್ಯಾಂಕಿನಲ್ಲಿದ್ದವರು, ಬದರಿಯವರೆಗೂ ಹೋಗಿಬಂದ ಅನುಭವಿ. ಘಾಟಿ ಇಳಿಯುವಾಗ ಬ್ರೇಕನ್ನು ನಂಬಬೇಡಿ, ಸಣ್ಣ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟುಬಿಡಿ, ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ ಎಂದು ಅವರು ತಿಳಿಸಿದರು.

ಮೂವರೂ ನನ್ನ ಹಿತವನ್ನೇ ಬಯಸಿದವರು. ಮೂವರ ಮಾತೂ ಅವರವರ ಗಾಡಿಯ ಮಟ್ಟಿಗೆ ನಿಜವೇ ಆಗಿತ್ತು.

2021ರ ಡಿಸೆಂಬರಿನಲ್ಲಿ ಉಡುಪಿಗೆ ಹೊರಟೆವು. ಮನೆಯಾಕೆ ನನ್ನ ಹಿಂದೆ ಕುಳಿತಿದ್ದರು. ಕೃಷ್ಣಮಠಕ್ಕೆಂದು ಮಲ್ಲಿಗೆಯ ದಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದರು. ತೀರ್ಥಹಳ್ಳಿ ದಾಟಿದ ಮೇಲೆ ಬುಲೆಟ್ಟುಗಳ ಜೊತೆ ಸರಿಗಟ್ಟುವ ಹುಮ್ಮಸ್ಸಿನಲ್ಲಿ ನಾನು ಸ್ವಲ್ಪ ಬಿರುಸಾಗಿಯೇ ಓಡಿಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆಗುಂಬೆಯಲ್ಲಿ ಚಹಾ ಕುಡಿದು ಘಾಟಿಗೆ ಇಳಿದೆವು. ಸೋಮೇಶ್ವರದವರೆಗೆ ಹದಿನಾಲ್ಕು ಕಡಿದಾದ ತಿರುವುಗಳು. ಬ್ಯಾಂಕಿನ ಗೆಳೆಯರ ಸೂತ್ರದಂತೆ ಎರಡನೆಯ ಗೇರು, ಆಕ್ಸಿಲರೇಟರ್ ಪೂರ್ತಿ ಬಂದ್. ಇಂಜಿನ್ ಗುಂಯ್‌ಗುಡುತ್ತಾ ಗಾಡಿಯನ್ನು ಚೆನ್ನಾಗಿಯೇ ಹಿಡಿದಿತ್ತು. ಐದನೆಯದೋ ಆರನೆಯದೋ ತಿರುವಿಗೆ ಮುಂಚೆ ಸದ್ದು ಬದಲಾಯಿತು, ಗಂಟಲು ಕಟ್ಟಿದವರ ಧ್ವನಿಯಂತೆ. ಮರುಕ್ಷಣ ಹಿಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಗಾಡಿ ಅಡ್ಡಡ್ಡ ಜಾರಿತು.

ಕ್ಲಚ್ ಹಿಡಿಯಬೇಕೆಂದು ನಾನು ಯೋಚಿಸಲಿಲ್ಲ. ಯೋಚಿಸುವಷ್ಟು ವೇಳೆಯೇ ಇರಲಿಲ್ಲ. ಮೂವತ್ತಮೂರು ವರ್ಷಗಳಿಂದ ಅಲ್ಲೇ ಕುಳಿತಿದ್ದ ಎರಡು ಬೆರಳುಗಳು ತಾವಾಗಿ ಮಡಚಿಕೊಂಡವು. ಚಕ್ರ ಬಿಡಿಸಿಕೊಂಡಿತು. ತಡೆಗೋಡೆಗೆ ಒಂದು ಮಾರು ದೂರದಲ್ಲಿ ನಿಂತೆವು. ಗೋಡೆಯ ಮೇಲೆ ಕುಳಿತಿದ್ದ ಕೋತಿಯೊಂದು ನಮ್ಮನ್ನು ನೋಡಿ ಜರುಗಿ ಜಾಗ ಬಿಟ್ಟಿತು.

ಮನೆಯಾಕೆ ಇಳಿದರು. ಏನೂ ಅನ್ನಲಿಲ್ಲ. ಮಲ್ಲಿಗೆಯ ಚೀಲವನ್ನು ಸರಿಯಾಗಿ ಹಿಡಿದುಕೊಂಡು, ಬಂದ ಮಿನಿ ಬಸ್ಸಿಗೆ ಕೈ ತೋರಿಸಿ ಹತ್ತಿ ಹೊರಟೇಹೋದರು. ಅರ್ಧ ಗಂಟೆ ತಣಿದ ಮೇಲೆ ಕಿಕ್ಕರ್ ಅಲ್ಲಾಡಿತು. ಇಂಜಿನ್ ಗಡಗಡ ಸದ್ದು ಮಾಡುತ್ತಾ ಹೇಗೋ ಸೋಮೇಶ್ವರ ಮುಟ್ಟಿಸಿತು. ಅಲ್ಲಿ ಪರಿಚಿತರ ಅಂಗಳದಲ್ಲಿ ಗಾಡಿ ಬಿಟ್ಟು, ಗೆಳೆಯರ ಹಿಂದೆ ಕುಳಿತು ಉಡುಪಿಗೆ ಹೋದೆ. ರಾತ್ರಿ ಊಟವಾದ ಮೇಲೆ ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ: "ಘರ್ಷಣೆ, ಅದನ್ನು ಕಡಿಮೆ ಮಾಡುವ ವಿಧಾನಗಳು. ವರ್ಷವರ್ಷವೂ ನೀವು ಮಕ್ಕಳಿಗೆ ಹೇಳಿದ ಪಾಠ ಅದೇ ಅಲ್ಲವೇ?"

ಗಾಡಿಯನ್ನು ಪಿಕಪ್ಪಿನಲ್ಲಿ ಹೇರಿಸಿ ಮೈಸೂರಿಗೆ ಒಯ್ದೆ. ಹಿಂದೆ ಯೆಜ್ಡಿ ಕಾರ್ಖಾನೆಯಲ್ಲೇ ದುಡಿದು, ಅದು ಮುಚ್ಚಿದ ಮೇಲೆ ಮನೆಯ ಮುಂದಿನ ಶೆಡ್ಡಿನಲ್ಲಿ ಇವೇ ಗಾಡಿಗಳನ್ನು ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರಿದ್ದಾರೆ. ಅವರು ಮೊದಲು ಬಿಚ್ಚಿದ್ದು ಸ್ಪಾರ್ಕ್ ಪ್ಲಗ್. ನಾವು ಉತ್ತರಪತ್ರಿಕೆ ನೋಡುವಂತೆ ಬೆಳಕಿಗೆ ಹಿಡಿದು ನೋಡಿದರು. ಇಂಜಿನ್ ಸರಿಯಾಗಿ ಉಂಡು ಉಸಿರಾಡುತ್ತಿದ್ದರೆ ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕಿರುತ್ತದೆ. ಆಯಿಲ್ ಹೆಚ್ಚಾದರೆ ಕಪ್ಪು ಜಿಡ್ಡು. ನನ್ನದು ವಿಭೂತಿಯಂತೆ ಬೆಳ್ಳಗಾಗಿತ್ತು. "ಜೆಟ್ ಸಣ್ಣದು ಮಾಡಿಸಿದಿರಾ? ಆಯಿಲೂ ಕಡಿಮೆ ಮಾಡಿದಿರಾ?" ಒಂದೊಂದಕ್ಕೂ ಹೌದೆಂದೆ. ತರಗತಿಯಲ್ಲಿ ಎದ್ದು ನಿಂತ ಹುಡುಗನ ಸ್ಥಿತಿ ನನ್ನದು. ಘಾಟಿಯ ಕಥೆ ಕೇಳಿ ಅವರು ನಕ್ಕರು.

"ಬುಲೆಟ್ಟಿಗೆ ಆಯಿಲ್ ಬೇರೆ ಪಾತ್ರೆಯಲ್ಲಿರುತ್ತೆ ಮೇಷ್ಟ್ರೇ. ಪಂಪು ಎತ್ತಿ ಎತ್ತಿ ಬಡಿಸುತ್ತೆ. ಆಕ್ಸಿಲರೇಟರ್ ಬಿಟ್ಟರೂ ಬಡಿಸೋದು ನಿಲ್ಲೋಲ್ಲ. ನಮ್ಮದಕ್ಕೆ ಅನ್ನ ತುಪ್ಪ ಎರಡೂ ಒಂದೇ ತುತ್ತಿನಲ್ಲಿ. ತುತ್ತು ನಿಲ್ಲಿಸಿದಿರಿ, ತುಪ್ಪವೂ ನಿಂತಿತು."

ನಾನು ಇಡೀ ಒಂದು ಅವಧಿಯಲ್ಲಿ ಹೇಳಬಹುದಾದ ಪಾಠ ಅಲ್ಲಿಗೆ ಮುಗಿಯಿತು. ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸುವ ಇಂಜಿನ್ನಿನಲ್ಲಿ ಆಕ್ಸಿಲರೇಟರ್ ಮುಚ್ಚಿದರೆ ಮಿಶ್ರಣ ಬಹುತೇಕ ನಿಂತುಬಿಡುತ್ತದೆ. ಆದರೆ ಇಳಿಜಾರಿನಲ್ಲಿ ಚಕ್ರವೇ ಇಂಜಿನ್ನನ್ನು ರಭಸವಾಗಿ ತಿರುಗಿಸುತ್ತಿರುತ್ತದೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರ್ ಬೀಡುಕಬ್ಬಿಣದ್ದು; ಕಾದಾಗ ಅಲ್ಯೂಮಿನಿಯಮ್ ಹೆಚ್ಚು ಹಿಗ್ಗುತ್ತದೆ. ಸಣ್ಣ ಜೆಟ್ಟು, ಅರ್ಧ ಆಯಿಲು ಮತ್ತು ನನ್ನ ಹುಮ್ಮಸ್ಸು ಸೇರಿ ಅದನ್ನು ಮೊದಲೇ ಕಾಯಿಸಿದ್ದವು. ಘಾಟಿಯಲ್ಲಿ ಉಳಿದ ತೇವವೂ ಆರಿತು, ಪಿಸ್ಟನ್ ಗೋಡೆಯನ್ನು ಕಚ್ಚಿಕೊಂಡಿತು. ಬಿಚ್ಚಿದಾಗ ಅದರ ಮೈಯಲ್ಲಿ ಬೆಕ್ಕು ಪರಚಿದಂತೆ ಗೀರುಗಳಿದ್ದವು.

ಸಿಲಿಂಡರನ್ನು ರೀಬೋರ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿಸಿದ್ದಾಯಿತು. ಹಳೆಯ ಜೆಟ್ಟು ಮರಳಿತು, ಲೀಟರಿಗೆ ನಲವತ್ತು ಮಿಲಿಲೀಟರೂ ಮರಳಿತು. ಮೊದಲ ಸಾವಿರ ಕಿಲೋಮೀಟರು ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಂಡೆ. ಸೈಲೆನ್ಸರುಗಳ ಒಳಗಿನ ಕೊಳವೆಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ ನಾನೇ ಮಸಿ ತೆಗೆದೆ. ಎರಡು ಜೊತೆ ಕೈಗವಸು ಹಾಳಾದವು.

ಇದಾದ ಮೇಲೆ ನಾನು ಸಲಹೆಗಳಿಗೆ ಕಿವಿ ಮುಚ್ಚಿಕೊಂಡೆನೆಂದು ತಿಳಿಯಬೇಡಿ. ನಮ್ಮ ಗುಂಪಿನ ಅತ್ಯಂತ ಕಿರಿಯ, ಮೂವತ್ತು ದಾಟದ ಇಂಜಿನಿಯರ್ ಹುಡುಗ, 12 ವೋಲ್ಟಿಗೆ ಬದಲಾಯಿಸಿ ಸಾರ್ ಎಂದು ಬೆನ್ನು ಹತ್ತಿದ್ದ. ನನ್ನ ಗಾಡಿಯದು 6 ವೋಲ್ಟಿನ ವ್ಯವಸ್ಥೆ. ರಾತ್ರಿ ಅದರ ದೀಪ ಇನ್ನೊಬ್ಬರಿಗೆ ನಾವು ಕಾಣಲೆಂದು ಇದೆಯೇ ಹೊರತು ನಮಗೆ ರಸ್ತೆ ಕಾಣಲೆಂದಲ್ಲ. ಈ ಬಾರಿ ಒಪ್ಪುವ ಮೊದಲು ಕಾಗದ ಪೆನ್ಸಿಲು ಹಿಡಿದು ಕುಳಿತೆ. 36 ವ್ಯಾಟಿನ ದೀಪಕ್ಕೆ 6 ವೋಲ್ಟಿನಲ್ಲಿ 6 ಆಂಪಿಯರ್ ಬೇಕು, 12 ವೋಲ್ಟಿನಲ್ಲಿ 3 ಸಾಕು. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣ. ಆದ್ದರಿಂದ ಅದೇ ಹಳೆಯ ತಂತಿಯಲ್ಲಿ ನಷ್ಟ ಕಾಲುಭಾಗಕ್ಕಿಳಿಯುತ್ತದೆ. ಹುಡುಗನ ಸಲಹೆ ಲೆಕ್ಕದಲ್ಲಿ ಪಾಸಾಯಿತು. ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ ಎಂಬ ಅವನ ಎರಡನೆಯ ಸಲಹೆಗೆ ಮೈಸೂರಿನ ಹಿರಿಯರು ತಲೆಯಾಡಿಸಲಿಲ್ಲ. "ಅದು ಒಳ್ಳೆಯದೇ. ಆದರೆ ಕೆಟ್ಟರೆ ಕಾಡಿನಲ್ಲಿ ನೀವೇನು ಮಾಡುತ್ತೀರಿ? ಪಾಯಿಂಟ್ಸ್ ಆದರೆ ಒಂದು ಚೂರು ಎಮರಿ ಕಾಗದದಲ್ಲಿ ಉಜ್ಜಿ, ಮತ್ತೆ ಸಂದು ಸರಿಮಾಡಿಕೊಂಡು ಮನೆಗೆ ಬರುತ್ತೀರಿ" ಎಂದರು. ಕೊನೆಗೆ ಹಳೆಯ ಡೈನಮೋ ಮತ್ತು ಪಾಯಿಂಟ್ಸ್ ಉಳಿಸಿಕೊಂಡು, 12 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಬ್ಯಾಟರಿ, ಕಾಯಿಲ್, ಬಲ್ಬುಗಳನ್ನು ಹಾಕಿಸಿದೆವು. ಇಂಜಿನ್ ಸ್ವಲ್ಪ ವೇಗ ಹಿಡಿದ ಮೇಲೆಯೇ ಚಾರ್ಜ್ ಆಗುವುದು, ಪೇಟೆಯ ನಿಧಾನ ಸಂಚಾರದಲ್ಲಿ ಬ್ಯಾಟರಿ ಸೊರಗುತ್ತದೆ, ಇದೊಂದು ಕೊರತೆ. ಪೇಟೆಯಲ್ಲಿ ನಾನೇಕೆ ತಿರುಗಲಿ?

ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಎಂದರು ಬ್ಯಾಂಕಿನ ಗೆಳೆಯರು. ಅದಕ್ಕೆ ಮುಂದಿನ ಫೋರ್ಕನ್ನೇ ಬದಲಿಸಬೇಕಾಗುತ್ತದೆ, ಗಾಡಿಯ ಮುಖ ಹೋಗಿಬಿಡುತ್ತದೆ. ಬ್ರೇಕ್ ಶೂಗಳಿಗೆ ಹೊಸ ಲೈನಿಂಗ್ ಹಾಕಿಸಿ, ಡ್ರಮ್ಮನ್ನು ಲೇತಿನಲ್ಲಿ ಸಮ ಮಾಡಿಸಿ ಅಲ್ಲಿಗೆ ನಿಲ್ಲಿಸಿದೆ. ಘಾಟಿಯ ಬಗ್ಗೆ ಅವರು ಇಂದಿಗೂ ನೊಂದುಕೊಳ್ಳುತ್ತಾರೆ. ಅವರ ಗಾಡಿಯ ಮಾತನ್ನು ಅವರು ಹೇಳಿದರು; ನನ್ನ ಗಾಡಿ ಯಾವುದೆಂದು ನೆನಪಿಟ್ಟುಕೊಳ್ಳಬೇಕಾದವನು ನಾನಾಗಿದ್ದೆ ಎಂದು ಎಷ್ಟು ಹೇಳಿದರೂ ಅವರು ಕೇಳುವುದಿಲ್ಲ.

ನಿಜವಾದ ಕಷ್ಟ ಗಾಡಿಯದಾಗಿರಲಿಲ್ಲ. ಒಂದು ವರ್ಷಕ್ಕೂ ಮೀರಿ ಮನೆಯಾಕೆ ಹಿಂದಿನ ಸೀಟಿನಲ್ಲಿ ಕೂರಲಿಲ್ಲ. ಮಾರುಕಟ್ಟೆಗೆ ಕರೆದರೂ "ಆಟೋ ಇದೆಯಲ್ಲ" ಎನ್ನುತ್ತಿದ್ದರು. ನಾನು ಒತ್ತಾಯಿಸಲಿಲ್ಲ. ಮಗ ಬೆಂಗಳೂರಿನಿಂದ ಬಂದಾಗಲೆಲ್ಲ, 2022ರಲ್ಲಿ ಮರುಹುಟ್ಟು ಪಡೆದ ಹೊಸ ಯೆಜ್ಡಿಯ ಚಿತ್ರ ತೋರಿಸಿ, "ಅಪ್ಪಾ, ಇದು ಫೋರ್ ಸ್ಟ್ರೋಕ್, ಕಚ್ಚುವ ಭಯವಿಲ್ಲ" ಎನ್ನುತ್ತಿದ್ದ. ಮನೆಯಾಕೆ ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು.

2023ರ ಜನವರಿಯಲ್ಲಿ ಒಂದು ಸಂಜೆ ಗಾಡಿಗೆ ಪೆಟ್ರೋಲು ಬೆರೆಸುತ್ತಿದ್ದಾಗ ಅವರು ಬಂದು ನಿಂತರು. ಅಳತೆಯ ಲೋಟದಲ್ಲಿದ್ದ ಆಯಿಲನ್ನು ನೋಡಿ, "ಎಷ್ಟು?" ಎಂದರು. ಐದು ಲೀಟರಿಗೆ ಇನ್ನೂರು ಎಂದೆ. ಲೋಟವನ್ನು ತಾವೇ ತೆಗೆದುಕೊಂಡು ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಮರುದಿನ ಉಡುಪಿಗೆ ಹೊರಟೆವು.

ಆಗುಂಬೆಯಲ್ಲಿ ಈ ಸಲ ಗಾಡಿಯನ್ನು ಮುಕ್ಕಾಲು ಗಂಟೆ ತಣಿಸಿದೆ. ಘಾಟಿಯಲ್ಲಿ ಬ್ರೇಕನ್ನೂ ಇಂಜಿನ್ನನ್ನೂ ಪಾಲು ಮಾಡಿಕೊಂಡು ಇಳಿಯಬೇಕು. ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಒಂದಿಷ್ಟು ತಿರುಗಿಸಿ ಇಂಜಿನ್ನಿಗೆ ಆಯಿಲ್ ಉಣಿಸಬೇಕು. ಎರಡನೆಯ ತಿರುವಿನಲ್ಲಿ ರಸ್ತೆಯ ಮೇಲೆ ಗಮನವಿಟ್ಟು ಅದನ್ನು ಮರೆತಿದ್ದೆ. ಹಿಂದಿನಿಂದ ಭುಜದ ಮೇಲೆ ಎರಡು ಬೆರಳಿನ ಪೆಟ್ಟು ಬಿತ್ತು. "ತುತ್ತು ಹಾಕಿ" ಎಂದರು ಮನೆಯಾಕೆ. ಹದಿನಾಲ್ಕೂ ತಿರುವುಗಳಲ್ಲಿ ಎಣಿಸಿ ಎಣಿಸಿ ಹಾಕಿಸಿದರು.