ಮಂಚೀಕೇರಿಯಿಂದ ಬೆಳ್ಳಿತೆರೆಗೆ

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಅಡಿಕೆ ತೋಟ, ದಟ್ಟ ಕಾಡುಗಳ ನಡುವೆ ಸಿಗುವ ಪುಟ್ಟ ಊರು ಮಂಚೀಕೇರಿ. ಇದರ ಸುತ್ತಮುತ್ತ ಸಿದ್ದಿಗಳ ಮನೆಗಳಿವೆ. ಶತಮಾನಗಳ ಹಿಂದೆ ಪೋರ್ಚುಗೀಸರು ಮತ್ತಿತರರು ಆಫ್ರಿಕಾದಿಂದ ಗುಲಾಮರನ್ನಾಗಿ ಕರೆತಂದವರ ವಂಶಜರು ಇವರು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. ಹಬ್ಬ ಬಂತೆಂದರೆ ಡಮಾಮಿ ವಾದ್ಯ, ಕುಣಿತ.

1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಇಲ್ಲಿಗೆ ನಾಟಕವನ್ನು ತಂದಿತು. ನೈಜೀರಿಯಾದ ಲೇಖಕ ಚಿನುವಾ ಅಚಿಬೆಯವರ ಕಾದಂಬರಿ ಆಧರಿಸಿದ ನಾಟಕವನ್ನು ಚಿದಂಬರರಾವ್ ಜಂಬೆ ಸಿದ್ದಿಗಳಿಂದಲೇ ಆಡಿಸಿದರು. ಕೂಲಿ ಮಾಡಿ ದಣಿದವರು ಬಣ್ಣ ಹಚ್ಚಿ, ತಮ್ಮ ಪೂರ್ವಿಕರ ಖಂಡದ ಕಥೆಯನ್ನು ಕನ್ನಡದಲ್ಲಿ ನುಡಿದರು.

ಹೆಸರು ಬರಲು ಇನ್ನೂ ಕಾಲ ಬೇಕಿತ್ತು. ನೀನಾಸಮ್‌ನಲ್ಲಿ ಕಲಿತ ಪ್ರಶಾಂತ್ ಸಿದ್ದಿ 2011ರ ‘ಪರಮಾತ್ಮ’ ಚಿತ್ರದಲ್ಲಿ ಕಾಣಿಸಿಕೊಂಡು, ಹಾಸ್ಯ ನಟರಾಗಿ ಗುರುತಾದರು. 2021ರ ‘ಸಲಗ’ ಚಿತ್ರದ ಹಾಡಿನಿಂದ ಗಿರಿಜಾ ಮತ್ತು ಗೀತಾ ಸಿದ್ದಿ ಅವರ ದನಿ ನಾಡಿನ ಮನೆಮನೆಗೂ ತಲುಪಿತು.

ಗುಂಗುರು ಕೂದಲು, ಕಪ್ಪು ಮೈಬಣ್ಣ ಕಂಡು ‘ನೀವು ಯಾವ ದೇಶದವರು?’ ಎಂದು ಕೇಳುವವರು ಪೇಟೆಗಳಲ್ಲಿ ಇಂದಿಗೂ ಇದ್ದಾರೆ. ಅಚ್ಚಗನ್ನಡದಲ್ಲಿ ಬರುವ ಉತ್ತರವೇ ಅವರಿಗೆ ಪಾಠ. ‘ನಾಟಕ, ಹಾಡು ಎಂದು ಮಗು ಕೆಟ್ಟೀತು’ ಎಂದು ಅಂಜುವ ತಂದೆತಾಯಿಗಳೂ ಒಮ್ಮೆ ಈ ದಾರಿಯಲ್ಲಿ ಹೋಗಿಬರಬೇಕು.