ಸಿರುಗುಪ್ಪದ ಅಂಕಣದಲ್ಲಿ ಮರಳಿ ಸೀಟಿ

ಬಳ್ಳಾರಿಯಿಂದ ಉತ್ತರಕ್ಕೆ ಸಿರುಗುಪ್ಪದ ಬಸ್ಸು ಹತ್ತಿದವರಿಗೆ ಮೊದಲು ಎದುರಾಗುವುದು ಬಿಸಿಲು. ಈ ಸೀಮೆಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಹಾಸ್ಯದ ಮಾತು ಬಸ್ಸಿನ ಕಿಟಕಿಯ ಸರಳು ಮುಟ್ಟಿದೊಡನೆ ನಿಜವೆನಿಸುತ್ತದೆ. ದಾರಿಯಲ್ಲಿ ಸಿಗುವ ತೆಕ್ಕಲಕೋಟೆಯ ಗುಡ್ಡದಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದಾಗ ನವಶಿಲಾಯುಗದ ಜನರ ನೆಲೆ ಬೆಳಕಿಗೆ ಬಂದಿತ್ತು. ಅಲ್ಲಿಂದ ಮುಂದೆ ಎರೆಭೂಮಿ, ಕಾಲುವೆ, ಕಣ್ಣು ತಣಿಸುವ ಭತ್ತದ ಗದ್ದೆ. ಸಿರಿಯ ಗುಪ್ಪೆಯೇ ಸಿರುಗುಪ್ಪವಾಯಿತೆಂದು ಹೇಳುವವರುಂಟು. ಸುಗ್ಗಿಯಲ್ಲಿ ಭತ್ತದ ರಾಶಿಗಳನ್ನು ಕಂಡವರು ಈ ಮಾತನ್ನು ಅಲ್ಲಗಳೆಯಲಾರರು.

ತುಂಗಭದ್ರೆ ಅದೇ, ಎರೆಮಣ್ಣು ಅದೇ. ಆದರೆ ಅವನ್ನು ಆಳುವ ಕಟ್ಟಳೆಗಳು ಎಷ್ಟೋ ಸಲ ಬದಲಾಗಿವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸು ರಾಜ್ಯದಿಂದ ಬಿಡುಗಡೆಯಾಗಿ ಮೈಸೂರಿಗೆ ಸೇರಿತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ಬೇರೆಯಾಯಿತು. ಸಿರುಗುಪ್ಪ, ಕುರುಗೋಡು ಬಳ್ಳಾರಿಯಲ್ಲೇ ಉಳಿದವು. ಪ್ರತಿ ಸಲವೂ ಜನ ಹಳೆಯದನ್ನು ಬದಿಗಿಟ್ಟು ಹೊಸದಕ್ಕೆ ಒಗ್ಗಿಕೊಂಡರು.

ಇಂಥದೇ ಕಷ್ಟ ಆಟದ ಅಂಕಣದಲ್ಲೂ ಉಂಟು. ತಾಲ್ಲೂಕು ಊರುಗಳಲ್ಲಿ ಬ್ಯಾಸ್ಕೆಟ್‌ಬಾಲ್‌ಗೆಂದೇ ಬೇರೆ ತೀರ್ಪುಗಾರರು ಸಿಗುವುದು ಅಪರೂಪ. ಕಬಡ್ಡಿ, ಖೋ-ಖೋ, ವಾಲಿಬಾಲ್‌ಗೆ ಸೀಟಿ ಊದುವ ದೈಹಿಕ ಶಿಕ್ಷಕರೇ ಇದಕ್ಕೂ ನಿಲ್ಲಬೇಕು. ತೊಂಬತ್ತರ ದಶಕದಲ್ಲಿ ನಿಯಮ ಕಲಿತು, ಸಂಸಾರ, ವರ್ಗಾವಣೆ ಎಂದು ಅಂಕಣ ಬಿಟ್ಟ ಮೇಷ್ಟ್ರೊಬ್ಬರು ಈಗ ಸಿರುಗುಪ್ಪದಲ್ಲಿ ಮತ್ತೆ ಸೀಟಿ ಹಿಡಿದರು ಎಂದಿಟ್ಟುಕೊಳ್ಳಿ. ಬುಟ್ಟಿ ಅಂದಿನಂತೆಯೇ ಹತ್ತಡಿ ಎತ್ತರದಲ್ಲಿದೆ. ಉಳಿದದ್ದು ಒಂದೊಂದಾಗಿ ಕೈಕೊಡತೊಡಗುತ್ತದೆ.

ಅವರು ಕಲಿತಾಗ ಆಟಕ್ಕೆ 20 ನಿಮಿಷಗಳ ಎರಡು ಅವಧಿ. 2000ದಲ್ಲಿ ಅದು 10 ನಿಮಿಷಗಳ ನಾಲ್ಕು ಅವಧಿಯಾಯಿತು. ಬುಟ್ಟಿಗೆ ಎಸೆಯಲು ಇದ್ದ 30 ಸೆಕೆಂಡು 24ಕ್ಕೆ ಇಳಿಯಿತು. ಚೆಂಡನ್ನು ಎದುರಾಳಿಯ ಅರ್ಧಕ್ಕೆ ಒಯ್ಯಲು ಇದ್ದ 10 ಸೆಕೆಂಡು 8 ಆಯಿತು. 2010ರಲ್ಲಿ ಮೂರು ಅಂಕದ ಗೆರೆ 6.25 ಮೀಟರಿನಿಂದ 6.75ಕ್ಕೆ ಸರಿಯಿತು, ಬುಟ್ಟಿಯ ಮುಂದಿನ ಇಳಿಜಾರು ಬದಿಗಳ ಆವರಣ ಆಯತವಾಯಿತು. ಎರೆನೆಲದ ಮೇಲೆ ಹಾಸಿದ ಕಾಂಕ್ರೀಟು ಬೇಸಿಗೆಗೆ ಬಿರಿಯುವ ಊರುಗಳಲ್ಲಿ ಹೊಸ ಗೆರೆಯ ಪಕ್ಕದಲ್ಲೇ ಹಳೆಯ ಗೆರೆ ಇಣುಕುವುದೂ ಉಂಟು. ಮೇಷ್ಟ್ರ ಕಣ್ಣು ತಾನಾಗಿ ಹಳೆಯದರತ್ತಲೇ ಹೋಗುತ್ತದೆ.

ಒಂದು ನಿಯಮ ಮಾತ್ರ ಸಿರುಗುಪ್ಪದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಬ್ಬರು ಆಟಗಾರರು ಒಂದೇ ಚೆಂಡನ್ನು ಬಿಗಿಹಿಡಿದರೆ ಹಿಂದೆ ತೀರ್ಪುಗಾರ ಅದನ್ನು ನಡುವೆ ಮೇಲಕ್ಕೆಸೆದು ಇಬ್ಬರನ್ನೂ ಜಿಗಿಸುತ್ತಿದ್ದ. 2003ರಿಂದ ಅಂತರರಾಷ್ಟ್ರೀಯ ನಿಯಮದಲ್ಲಿ ಚೆಂಡು ಸರದಿಯಂತೆ ಒಮ್ಮೆ ಈ ತಂಡಕ್ಕೆ, ಇನ್ನೊಮ್ಮೆ ಆ ತಂಡಕ್ಕೆ. ಯಾರ ಸರದಿ ಎಂಬುದನ್ನು ಮೇಜಿನ ಮೇಲಿನ ಬಾಣ ತೋರಿಸುತ್ತದೆ. ಕಾಲುವೆಯ ಪಾಳಿ ನೀರಿಗೆ ಕಾದವರಿಗೆ ಇದರ ನ್ಯಾಯ ಗೊತ್ತು: ಬಲವಿದ್ದವನಿಗಲ್ಲ, ಪಾಳಿ ಬಂದವನಿಗೆ.

ಎಲ್ಲಕ್ಕಿಂತ ಕಠಿಣವಾದದ್ದು ಹೆಜ್ಜೆಯ ಲೆಕ್ಕ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಕಟ್ಟಿದಾಗ ಬರೆದ 13 ನಿಯಮಗಳಲ್ಲೇ ಚೆಂಡು ಹಿಡಿದು ಓಡಬಾರದೆಂಬುದು ಸೇರಿತ್ತು. ನೈಸ್ಮಿತ್ ಇದ್ದದ್ದು ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ಅದೇ ವೈ.ಎಂ.ಸಿ.ಎ. ವತಿಯಿಂದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. ಆಗ ಬಳ್ಳಾರಿಯೂ ಮದರಾಸು ಪ್ರಾಂತ್ಯದ ಭಾಗವೇ. ಅಷ್ಟು ಹಳೆಯದಾದ ಈ ನಿಯಮವೂ 2017ರಲ್ಲಿ ಸಡಿಲಗೊಂಡಿತು. ಓಡುತ್ತಲೇ ಚೆಂಡು ಹಿಡಿದ ಆಟಗಾರನ ಕಾಲು ಆ ಕ್ಷಣಕ್ಕೆ ನೆಲದ ಮೇಲಿದ್ದರೆ ಅದು ಲೆಕ್ಕಕ್ಕಿಲ್ಲ. ಆಮೇಲೆ ಇಡುವುದೇ ಮೊದಲ ಹೆಜ್ಜೆ. ಹಿಂದೆ ಮೂರು ಹೆಜ್ಜೆಯೆಂದು ತಡೆಯುತ್ತಿದ್ದ ಓಟ ಎಷ್ಟೋ ಸಂದರ್ಭಗಳಲ್ಲಿ ಈಗ ಎರಡೇ ಹೆಜ್ಜೆ.

ಹುಡುಗರು ಇದನ್ನು ಮೊಬೈಲ್ ಫೋನಿನಲ್ಲಿ ಪಂದ್ಯ ನೋಡಿಯೇ ಕಲಿತಿರುತ್ತಾರೆ. ಮೇಷ್ಟ್ರ ಉಸಿರು ಮಾತ್ರ ಮೂರನೆಯ ಸಪ್ಪಳಕ್ಕೆ ತಾನಾಗಿ ಸೀಟಿಗೆ ಹೋಗಿಬಿಡುತ್ತದೆ. ಹೊಸ ನಿಯಮ ಬಾಯಿಪಾಠ ಮಾಡಲು ಒಂದು ವಾರ ಸಾಕು. ಕಿವಿ, ಕೈ, ಉಸಿರಿಗೆ ಅಂಟಿದ ಹಳೆಯದನ್ನು ಬಿಡಿಸಲು ತಿಂಗಳುಗಳು ಬೇಕು. ಅದಕ್ಕಿರುವ ಮದ್ದು ಒಂದೇ: ನಿಯಮ ಪುಸ್ತಕದ ಜೊತೆಗೆ ಸಂಜೆಯ ಅಭ್ಯಾಸ ಪಂದ್ಯಗಳಿಗೆ ನಿಂತು, ಚೆಂಡು ಕೈಸೇರಿದ ಕ್ಷಣವನ್ನು ಮೊದಲು ಗುರುತಿಸಿ, ಅಲ್ಲಿಂದ ಹೆಜ್ಜೆ ಎಣಿಸುವುದು.

ಇದೇನು ಮಹಾ, ಮಕ್ಕಳ ಆಟವಲ್ಲವೇ ಎನ್ನುವವರಿದ್ದಾರೆ. ಶಾಲಾ ಕ್ರೀಡಾಕೂಟ ಏಣಿಯಿದ್ದ ಹಾಗೆ: ಜಿಲ್ಲೆ, ವಿಭಾಗ, ರಾಜ್ಯ. ಗದ್ದೆಯ ಕೆಲಸ ಮುಗಿಸಿ ಅಂಕಣಕ್ಕೆ ಬರುವ ಹುಡುಗಿಗೆ ಊರ ಗಡಿ ದಾಟಲು ಸಿಗುವ ಮೊದಲ ಮೆಟ್ಟಿಲು ಅದು. ಕೊನೆಯ ನಿಮಿಷದಲ್ಲಿ ಅವಳು ಸರಿಯಾಗಿ ಓಡಿ ಹಾಕಿದ ಬುಟ್ಟಿಯನ್ನು ಹಳೆಯ ಸೀಟಿಯೊಂದು ಅಳಿಸಿದರೆ, ಆ ವರ್ಷದ ಏಣಿಯೇ ಕಳಚಿದಂತೆ. ದೊಡ್ಡ ಪಂದ್ಯಗಳಲ್ಲಿ ತೀರ್ಪುಗಾರರು ವಿಡಿಯೊ ನೋಡಿ ಕೆಲವು ತೀರ್ಪುಗಳನ್ನು ತಿದ್ದಿಕೊಳ್ಳಬಹುದು. ತಾಲ್ಲೂಕಿನ ಅಂಕಣದಲ್ಲಿ ಊದಿದ್ದೇ ಕಡೆಯ ಮಾತು. ನಡುವಯಸ್ಸು ದಾಟಿದ ಮೇಷ್ಟ್ರು ರಾತ್ರಿ ಕನ್ನಡಕ ಏರಿಸಿ ಮತ್ತೆ ನಿಯಮ ಪುಸ್ತಕ ತೆರೆಯಬೇಕಾದದ್ದು ಆ ಹುಡುಗಿಗಾಗಿ.