ಮುನಿಸಿನ ರೈಲು

ಮುಚ್ಚಿಹೋದ ರೈಲುದಾರಿಗಳ ಕತೆ ಓದುವ ಚಟ ನನಗೆ. ಅವುಗಳಲ್ಲಿ ಮತ್ತೆ ಮತ್ತೆ ನೆನಪಾಗುವುದು ಇಂಗ್ಲೆಂಡಿನ ಸಸೆಕ್ಸ್‌ನ ಒಂದು ಬ್ರಾಂಚ್ ಲೈನ್. ಲೂಯಿಸ್‌ನಿಂದ ಈಸ್ಟ್ ಗ್ರಿನ್‌ಸ್ಟೆಡ್‌ವರೆಗೆ ಹಳ್ಳಿಗಳ ನಡುವೆ 1882ರಲ್ಲಿ ಶುರುವಾದ ಅದನ್ನು ನಷ್ಟದ ಕಾರಣಕ್ಕೆ 1955ರಲ್ಲಿ ಮುಚ್ಚಿದರು.

ಚೇಲಿ ಎಂಬ ಊರಿನ ಮ್ಯಾಜ್ ಬೆಸೆಮರ್ ಸುಮ್ಮನಿರಲಿಲ್ಲ. ಮಾರ್ಗಕ್ಕೆ ಅನುಮತಿ ಕೊಟ್ಟ ಹಳೆಯ ಕಾಯ್ದೆಯನ್ನೇ ಹುಡುಕಿ ತೆಗೆದರು. ದಿನಕ್ಕೆ ನಾಲ್ಕು ರೈಲು ಓಡಿಸಲೇಬೇಕೆಂದು ಅದರಲ್ಲಿತ್ತು. 1956ರ ಆಗಸ್ಟ್‌ನಲ್ಲಿ ಬ್ರಿಟಿಷ್ ರೈಲ್ವೇಸ್ ಮುಖ ಗಂಟಿಕ್ಕಿಕೊಂಡೇ ರೈಲು ಬಿಟ್ಟಿತು. ಕಾಯ್ದೆಯಲ್ಲಿ ಹೆಸರಿಲ್ಲದ ಬಾರ್ಕಮ್, ಕಿಂಗ್ಸ್‌ಕೋಟ್ ನಿಲ್ದಾಣಗಳಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ. ಜನ ಅದನ್ನು ಮುನಿಸಿನ ಸೇವೆ ಎಂದೇ ಕರೆದರು. ಕೊನೆಗೆ ಪಾರ್ಲಿಮೆಂಟಿನ ಒಪ್ಪಿಗೆ ಪಡೆದು 1958ರ ಮಾರ್ಚ್‌ನಲ್ಲಿ ಮತ್ತೆ ಮುಚ್ಚಿದರು.

ಕಾಯ್ದೆ ಗಳಿಸಿಕೊಟ್ಟದ್ದು ಹತ್ತೊಂಬತ್ತು ತಿಂಗಳು ಮಾತ್ರ. ಆದರೆ ಆ ಜಗಳದಿಂದಲೇ ಈ ಮಾರ್ಗ ನಾಡಿಗೆಲ್ಲ ಪರಿಚಯವಾಯಿತು ಎಂದು ನನಗನ್ನಿಸುತ್ತದೆ. 1960ರಲ್ಲಿ ಸ್ವಯಂಸೇವಕರು ಅದರ ಒಂದು ತುಂಡನ್ನು ಬ್ಲೂಬೆಲ್ ರೈಲ್ವೆ ಎಂಬ ಹೆಸರಲ್ಲಿ ತಾವೇ ನಡೆಸತೊಡಗಿದರು. ಮತ್ತೆ ಈಸ್ಟ್ ಗ್ರಿನ್‌ಸ್ಟೆಡ್ ಮುಟ್ಟಲು 2013 ಬರಬೇಕಾಯಿತು.

ಈಗ ಉಗಿಬಂಡಿಯ ಮೋಜಿಗೆಂದು ಪ್ರವಾಸಿಗರು ಹತ್ತುತ್ತಾರೆ. ಬೆಸೆಮರ್ ಕೇಳಿದ್ದು ಮಾತ್ರ ಹಳ್ಳಿಯವರು ದಿನಾ ಹತ್ತಿಳಿಯುವ ರೈಲು. ಅದು ಬರಲಿಲ್ಲ.